ಕೋವಿ ಬರೆಸಿದ್ದಕ್ಕೇ ಕೋವಿ ಹೋಗುತ್ತದೆಯೇ?

ಅಣ್ಣನ ಮಗ ಟೆಕ್ಸಾಸಿನಲ್ಲಿದ್ದಾನೆ. ಈ ಸಲ ಊರಿಗೆ ಬಂದಾಗ ರಾತ್ರಿ ಊಟ ಮುಗಿಸಿ ಜಗಲಿಯಲ್ಲಿ ಕೂತಿದ್ದೆವು. ಹೋದ ಎಲೆಕ್ಷನ್ನಿನಲ್ಲಿ ಪೊಲೀಸ್ ಠಾಣೆಗೆ ಕೋವಿ ಜಮಾ ಮಾಡಿದ ಕಥೆಯನ್ನು ನಾನು ಹೇಳುತ್ತಿದ್ದೆ. ಅವನು ಪೂರ್ತಿ ಕೇಳಿ ಹೇಳಿದ, "ಚಿಕ್ಕಪ್ಪ, ನಿಮ್ಮ ಹೆಸರು, ಕೋವಿ ನಂಬರು ಎಲ್ಲಾ ಅವರ ಹತ್ತಿರ ಇದೆಯಲ್ಲ, ಅದಕ್ಕೇ ಫೋನ್ ಮಾಡಿ ತರಿಸಿಕೊಳ್ತಾರೆ. ಅಮೆರಿಕದಲ್ಲಿ ಕೋವಿ ಇಟ್ಟುಕೊಂಡವರು ಇದಕ್ಕೇ ಹೆದರೋದು. ಇವತ್ತು ಪಟ್ಟಿಯಲ್ಲಿ ಬರೆಸಿಕೊಳ್ತಾರೆ, ನಾಳೆ ಎತ್ತಿಕೊಂಡು ಹೋಗ್ತಾರೆ."

ಆಗ ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಆ ಮಾತು ಮಾತ್ರ ತಲೆಯಲ್ಲಿ ಉಳಿಯಿತು. ಅವನು ಹೇಳಿದ್ದರಲ್ಲಿ ಅರ್ಧ ನಿಜವಿದೆ. ಆ ಅರ್ಧ ಯಾವುದು, ಉಳಿದರ್ಧ ಯಾವುದು ಅಂತ ಯೋಚಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಓದಿ.

ಮೊದಲು ನಮ್ಮ ಮನೆಯ ಕಥೆ. ನಮ್ಮದು ಘಟ್ಟದ ಬುಡದ ಊರು. ಅಡಿಕೆ ತೋಟ, ನಡುವೆ ಬಾಳೆ, ಕಾಳುಮೆಣಸು. ತೋಟದ ಬೇಲಿ ಮುಗಿದಲ್ಲಿಂದ ಕಾಡು. ಅಪ್ಪನ ಕಾಲದಿಂದ ಒಂದು ಜೋಡಿ ನಳಿಗೆಯ ಕೋವಿ ಇದೆ, ಬೆಳೆ ರಕ್ಷಣೆಯ ಲೈಸೆನ್ಸ್. ಅಪ್ಪನ ನಂತರ ನನ್ನ ಹೆಸರಿಗೆ ಬಂತು. ಅದರಿಂದ ನಾನು ಮಾಡುವುದು ಇಷ್ಟೇ: ಮಂಗಗಳ ಹಿಂಡು ತೋಟಕ್ಕೆ ಇಳಿದಾಗ, ರಾತ್ರಿ ಹಂದಿ ಬಾಳೆ ಬುಡಕ್ಕೆ ಬಂದಾಗ ಆಕಾಶಕ್ಕೆ ಒಂದು ಈಡು ಹೊಡೆಯುವುದು. ಆ ಸದ್ದು ಸಾಕು, ನಾಲ್ಕು ದಿನ ಈ ಕಡೆ ತಲೆ ಹಾಕುವುದಿಲ್ಲ. ಪಟಾಕಿಗೆ ಮಂಗಗಳು ಎರಡೇ ದಿನದಲ್ಲಿ ಒಗ್ಗಿಕೊಳ್ಳುತ್ತವೆ. ಕೋವಿಯ ಸದ್ದಿಗೆ ಹಾಗಾಗುವುದಿಲ್ಲ.

2024ರ ಮಾರ್ಚ್ 16ಕ್ಕೆ ಲೋಕಸಭೆ ಚುನಾವಣೆಯ ನೀತಿ ಸಂಹಿತೆ ಬಂತು. ಮರುವಾರ ಠಾಣೆಯಿಂದ ಫೋನ್. "ಗೌಡ್ರೇ, ಎಲೆಕ್ಷನ್ ಬಂತಲ್ಲ, ಕೋವಿ ತಂದು ಜಮಾ ಮಾಡಿ." ನನ್ನ ಮೇಲೆ ಒಂದು ಕೇಸಿಲ್ಲ. ಯಾವ ಪಾರ್ಟಿಯ ಬಾವುಟವನ್ನೂ ಹಿಡಿದವನಲ್ಲ. ಯಾಕೆ ಅಂತ ಕೇಳಿದರೆ, "ಎಲ್ಲರದ್ದೂ ತಗೊಳ್ತಿದ್ದೇವೆ" ಎಂಬ ಉತ್ತರ. ಕೊಟ್ಟು ರಸೀದಿ ತಂದೆ.

ನಮ್ಮ ಕಡೆ ಮತದಾನ ಏಪ್ರಿಲ್ 26ಕ್ಕೇ ಮುಗಿಯಿತು. ಆದರೆ ದೇಶದ ಬೇರೆ ಬೇರೆ ಕಡೆ ಜೂನ್ 1ರವರೆಗೆ ಮತದಾನ ನಡೆದು, ಜೂನ್ 4ಕ್ಕೆ ಫಲಿತಾಂಶ ಬಂದು, 6ಕ್ಕೆ ನೀತಿ ಸಂಹಿತೆ ಮುಗಿಯಿತು. ಅಂದರೆ ನಾವು ಓಟು ಹಾಕಿ ಬೆರಳಿನ ಶಾಯಿ ಮಾಸಿದ ಮೇಲೂ ನಲವತ್ತು ದಿನಕ್ಕೂ ಹೆಚ್ಚು ಕೋವಿ ಠಾಣೆಯಲ್ಲಿತ್ತು. ಏಪ್ರಿಲ್, ಮೇ ತಿಂಗಳು ಅಂದರೆ ಏನು ಅಂತ ತೋಟ ಇದ್ದವರಿಗೆ ಹೇಳಬೇಕಾಗಿಲ್ಲ. ಮರದಲ್ಲಿ ಎಳೆ ಅಡಿಕೆ. ಕಾಡಿನಲ್ಲಿ ನೀರಿಲ್ಲ, ಮೇವಿಲ್ಲ. ಹಲಸು ಹಣ್ಣಾಗುವ ಹೊತ್ತು. ಎಲ್ಲಾ ಪ್ರಾಣಿಗಳೂ ತೋಟಕ್ಕೇ ಬರುವ ಕಾಲ ಅದು. ಬೆಳಗ್ಗೆ ಎದ್ದು ನೋಡಿದರೆ ಮರದ ಬುಡದಲ್ಲಿ ಹಸಿರು ಕಾಯಿ ಹಾಸಿದ ಹಾಗೆ ಬಿದ್ದಿರುತ್ತಿತ್ತು. ಕೂಲಿಯವನೊಬ್ಬನಿಗೆ ತಗಡಿನ ಡಬ್ಬಿ ಕೊಟ್ಟು ಬಡಿಯಲು ಇಟ್ಟೆ. ಅವನು ಈ ಮೂಲೆಯಲ್ಲಿ ಬಡಿದರೆ ಮಂಗ ಆ ಮೂಲೆಯಲ್ಲಿ.

ಕೋವಿ ವಾಪಸ್ ಸಿಕ್ಕಿದಾಗ ಜೂನ್ ಅರ್ಧ ಕಳೆದಿತ್ತು. ಮಳೆ ಹಿಡಿದಿತ್ತು. ತೇವದ ಕೋಣೆಯಲ್ಲಿ ಒಂದರ ಮೇಲೊಂದು ಒರಗಿಸಿ ಇಟ್ಟಿದ್ದರು. ನಳಿಗೆಯ ಮೇಲೆ ತುಕ್ಕು. ಅಪ್ಪ ಪ್ರತಿ ಭಾನುವಾರ ಎಣ್ಣೆ ಬಟ್ಟೆಯಲ್ಲಿ ಒರೆಸುತ್ತಿದ್ದ ಕೋವಿ ಅದು. ಅವತ್ತು ನನಗೆ ನಿಜವಾಗಿ ಅಳು ಬಂತು.

ಹಾಗಾದರೆ ಅಣ್ಣನ ಮಗ ಹೇಳಿದ್ದೇ ಸರಿ ಅಲ್ವಾ? ಪಟ್ಟಿಯಲ್ಲಿ ನನ್ನ ಹೆಸರಿತ್ತು, ಅದಕ್ಕೇ ಫೋನ್ ಬಂತು. ನಮ್ಮ ಸುತ್ತಲ ಕಾಡಿನಲ್ಲಿ ಲೈಸೆನ್ಸ್ ಇಲ್ಲದ ನಾಡಕೋವಿ ಹಿಡಿದು ರಾತ್ರಿ ಶಿಕಾರಿಗೆ ಹೋಗುವವರಿದ್ದಾರೆ. ಅವರಿಗೆ ಯಾರೂ ಫೋನ್ ಮಾಡಲಿಲ್ಲ. ಮಾಡುವುದಾದರೂ ಹೇಗೆ, ಅವರ ಹೆಸರು ಎಲ್ಲೂ ಇಲ್ಲ. ಕಾನೂನಿಗೆ ತಲೆಬಾಗಿದವನ ಮನೆಗೇ ಕಾನೂನು ಬರುತ್ತದೆ ಎನ್ನುವ ಸಂಕಟ ಸುಳ್ಳಲ್ಲ. ಅದನ್ನು ಅಮೆರಿಕದವರ ಹುಚ್ಚು ಅಂತ ತಳ್ಳಿಹಾಕುವವರು ಒಂದು ಬೆಳೆ ಕಳೆದುಕೊಂಡು ನೋಡಬೇಕು.

ಈ ಹೆದರಿಕೆ ನಮಗೆ ಹೊಸದೂ ಅಲ್ಲ. ಹಲಗಲಿಯ ಬೇಡರ ಲಾವಣಿಯನ್ನು ಹತ್ತನೇ ಕ್ಲಾಸಿನ ಕನ್ನಡ ಪುಸ್ತಕದಲ್ಲಿ ಎಷ್ಟು ಜನ ಓದಿಲ್ಲ! 1857ರಲ್ಲಿ ಕಂಪನಿ ಸರ್ಕಾರ ಆಯುಧಗಳ ಮೇಲೆ ಕಾನೂನು ತಂದಿತು. ಪರವಾನಗಿ ಇಲ್ಲದೆ ಹತಾರ ಇಟ್ಟುಕೊಳ್ಳುವಂತಿಲ್ಲ ಅಂದಿತು. ಬೇಟೆಯೇ ಬದುಕಾಗಿದ್ದ ಮುಧೋಳ ಸೀಮೆಯ ಬೇಡರು ಕೊಡುವುದಿಲ್ಲ ಅಂದರು. ದಂಡು ಬಂತು, ಊರಿಗೆ ಬೆಂಕಿ ಬಿತ್ತು, ಸಿಕ್ಕಿದವರಲ್ಲಿ ಹಲವರನ್ನು ಗಲ್ಲಿಗೇರಿಸಿದರು. ಅವರ ಪಾಲಿಗೆ ಪರವಾನಗಿ, ಕಸಿದುಕೊಳ್ಳುವುದು ಎರಡೂ ಒಂದೇ ಆಗಿತ್ತು. ಯಾಕೆಂದರೆ ಆ ಕಾನೂನಿನ ಉದ್ದೇಶವೇ ಜನರ ಕೈ ಖಾಲಿ ಮಾಡುವುದು.

ಅದೇ ಬ್ರಿಟಿಷರು ನಾಲ್ಕು ವರ್ಷದ ನಂತರ, 1861ರಲ್ಲಿ, ಕೊಡವರಿಗೆ ಆ ಕಾನೂನಿನಿಂದ ವಿನಾಯಿತಿ ಕೊಟ್ಟರು. ಇವತ್ತಿಗೂ ಕೊಡವರು ಮತ್ತು ಜಮ್ಮಾ ಎಂಬ ವಂಶಪಾರಂಪರ್ಯ ಜಮೀನು ಹಿಡಿದವರಿಗೆ ಲೈಸೆನ್ಸ್ ಬೇಡ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿದೆ, 2021ರಲ್ಲಿ ನಮ್ಮ ಹೈಕೋರ್ಟ್ ಕೂಡ ಎತ್ತಿಹಿಡಿದಿದೆ. ಆದರೆ ಲೈಸೆನ್ಸ್ ಬೇಡ ಅಂದರೆ ಲೆಕ್ಕವೇ ಇಲ್ಲ ಅಂತಲ್ಲ. ವಿನಾಯಿತಿ ಪತ್ರ ಮಾಡಿಸಿಕೊಳ್ಳಬೇಕು. ಅಂದರೆ ಯಾರ ಮನೆಯಲ್ಲಿ ಕೋವಿ ಇದೆ ಅಂತ ಸರ್ಕಾರಕ್ಕೆ ಗೊತ್ತು. ಹಾಗಿದ್ದೂ ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದಿನ ದಿನ ಅಲ್ಲಿ ಕೋವಿಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ನೂರೈವತ್ತು ವರ್ಷಕ್ಕಿಂತ ಜಾಸ್ತಿಯಾಯಿತು, ಕೋವಿ ಮನೆಯಲ್ಲೇ ಇದೆ. ಆ ಮನೆಗಳನ್ನು ಕಾಯ್ದದ್ದು ಗುಟ್ಟಲ್ಲ, ಬರೆದಿಟ್ಟ ಹಕ್ಕು.

ಹೊರದೇಶದ ಉದಾಹರಣೆಗಳನ್ನೂ ಹುಡುಕಿ ಓದಿದೆ. ಅಮೆರಿಕದವರು ಪದೇ ಪದೇ ಹೇಳುವುದು ನ್ಯೂಯಾರ್ಕ್ ನಗರದ ಕಥೆ. ಅಲ್ಲಿ 1967ರಲ್ಲಿ ರೈಫಲ್ಲು, ಶಾಟ್‌ಗನ್ನುಗಳನ್ನು ಬರೆಸಬೇಕೆಂಬ ಕಾನೂನು ಬಂತು. ಬರೀ ಲೆಕ್ಕಕ್ಕೆ ಅಂದುಕೊಂಡು ಜನ ಬರೆಸಿದರು. 1991ರಲ್ಲಿ ಕೆಲವು ಬಗೆಯ ಬಂದೂಕುಗಳನ್ನು ನಗರ ನಿಷೇಧಿಸಿತು. ಅದೇ ಪಟ್ಟಿ ನೋಡಿ ಪತ್ರ ಕಳಿಸಿದರು: ಒಪ್ಪಿಸಿ, ಇಲ್ಲವೇ ನಗರದಿಂದ ಹೊರಗೆ ಸಾಗಿಸಿ, ಇಲ್ಲವೇ ಕೆಲಸ ಮಾಡದ ಹಾಗೆ ಮಾಡಿ. ಇದು ನಡೆದ ಸಂಗತಿ. ಇಂಥ ಹೆದರಿಕೆಯಿಂದಲೇ 1986ರಲ್ಲಿ ಅಲ್ಲಿನ ಸಂಸತ್ತು ಇಡೀ ದೇಶಕ್ಕೆ ಒಂದೇ ಪಟ್ಟಿ ಮಾಡುವುದನ್ನು ಕಾನೂನಿನಲ್ಲೇ ತಡೆದಿತ್ತು. ಅದರ ಫಲ ಏನು ಗೊತ್ತಾ? ಕೊಲೆ ನಡೆದ ಜಾಗದಲ್ಲಿ ಬಂದೂಕು ಸಿಕ್ಕಿದರೆ, ಅದು ಯಾರದ್ದು ಅಂತ ಹುಡುಕಲು ಮೊದಲು ತಯಾರಿಸಿದ ಕಂಪನಿಗೆ, ಆಮೇಲೆ ಸಗಟು ವ್ಯಾಪಾರಿಗೆ, ಆಮೇಲೆ ಅಂಗಡಿಗೆ ಫೋನ್ ಮಾಡುತ್ತಾ ಹೋಗಬೇಕು. ಅಂಗಡಿ ಮುಚ್ಚಿದ್ದರೆ ಅದರ ಹಳೇ ಕಾಗದಗಳು ವೆಸ್ಟ್ ವರ್ಜೀನಿಯಾದ ಒಂದು ಕಚೇರಿಯಲ್ಲಿರುತ್ತವೆ. ಅವುಗಳ ಚಿತ್ರ ತೆಗೆದಿಟ್ಟಿದ್ದರೂ ಹೆಸರು ಹಾಕಿ ಹುಡುಕುವಂತಿಲ್ಲ. ಪುಟ ತಿರುವುತ್ತಾ ಕೂರಬೇಕು. ಸತ್ತವರ ಮನೆಯವರು ಕಾಯುತ್ತಿರುತ್ತಾರೆ.

ಆದರೆ ಪಟ್ಟಿ ಇಲ್ಲದಿದ್ದರೆ ಕೋವಿ ಉಳಿಯುತ್ತದೆ ಎನ್ನುವುದಕ್ಕೆ ಆಸ್ಟ್ರೇಲಿಯಾದ ಉತ್ತರ ಬೇರೆಯೇ ಇದೆ. 1996ರ ಏಪ್ರಿಲ್‌ನಲ್ಲಿ ಪೋರ್ಟ್ ಆರ್ಥರ್‌ನಲ್ಲಿ ಒಬ್ಬನೇ 35 ಜನರನ್ನು ಕೊಂದ. ಅದು ಟಾಸ್ಮೇನಿಯಾ ರಾಜ್ಯ. ಅಲ್ಲಿ ಉದ್ದ ನಳಿಗೆಯ ಬಂದೂಕುಗಳನ್ನು ಬರೆಸುವ ಪದ್ಧತಿಯೇ ಇರಲಿಲ್ಲ. ಕ್ವೀನ್ಸ್‌ಲ್ಯಾಂಡ್, ನ್ಯೂ ಸೌತ್ ವೇಲ್ಸ್‌ನಲ್ಲೂ ಇರಲಿಲ್ಲ. ಆದರೂ ಸರ್ಕಾರ ಹಣ ಕೊಟ್ಟು ದೇಶದಾದ್ಯಂತ ಸುಮಾರು ಆರೂವರೆ ಲಕ್ಷ ಬಂದೂಕು ವಾಪಸ್ ತೆಗೆದುಕೊಂಡಿತು. ನ್ಯೂಜಿಲೆಂಡಿನದೂ ಹೆಚ್ಚು ಕಡಿಮೆ ಅದೇ ಕಥೆ. ಅಲ್ಲಿ ಲೈಸೆನ್ಸ್ ಮನುಷ್ಯನಿಗಿತ್ತು, ಸಾಮಾನ್ಯ ಬಂದೂಕುಗಳ ಪಟ್ಟಿ ಇರಲಿಲ್ಲ. 2019ರಲ್ಲಿ ಕ್ರೈಸ್ಟ್‌ಚರ್ಚ್‌ನ ಮಸೀದಿಗಳಲ್ಲಿ 51 ಜನ ಸತ್ತ ಮೇಲೆ ನಿಷೇಧ ಬಂತು, ಸಂಗ್ರಹವೂ ನಡೆಯಿತು. ಪಟ್ಟಿ ಮಾಡಲು ಶುರು ಮಾಡಿದ್ದು ಅದಾದ ನಾಲ್ಕು ವರ್ಷಕ್ಕೆ, 2023ರಲ್ಲಿ. ಎರಡೂ ಕಡೆ ಮೊದಲು ಬಂದದ್ದು ಪಟ್ಟಿಯಲ್ಲ, ಹೆಣಗಳು.

ಇನ್ನು ಕೆನಡಾ. ಅಲ್ಲಿ 1995ರ ಕಾನೂನಿನಲ್ಲಿ ರೈತರ, ಬೇಟೆಗಾರರ ಬಂದೂಕುಗಳನ್ನೂ ಬರೆಸಿಕೊಳ್ಳಲು ಹೊರಟರು. ಹಳ್ಳಿ ಕಡೆಯ ಜನ ವರ್ಷಗಟ್ಟಲೆ ಬಿಡದೆ ವಿರೋಧಿಸಿದರು. 2012ರಲ್ಲಿ ಸರ್ಕಾರ ಆ ಪಟ್ಟಿಯನ್ನೇ ರದ್ದು ಮಾಡಿತು. ಅಂದರೆ ಓಟು ಹಾಕುವ ದೇಶದಲ್ಲಿ ಪಟ್ಟಿಯನ್ನೂ ಜನ ವಾಪಸ್ ಕಳಿಸಬಹುದು. ಇಷ್ಟಾದ ಮೇಲೂ 2020ರಲ್ಲಿ ಅಲ್ಲಿ ಕೆಲವು ಬಗೆಯ ಬಂದೂಕುಗಳ ಮೇಲೆ ನಿಷೇಧ ಬಂದೇ ಬಂತು.

ಇದೆಲ್ಲ ಓದಿದ ಮೇಲೆ ನನಗನಿಸಿದ್ದು ಇದು. ಪಟ್ಟಿಗೆ ತನ್ನದೇ ಆದ ಕೈಯಿಲ್ಲ. ಅದನ್ನು ಹಿಡಿದವನು "ಇಂಥವನದ್ದು, ಇಂಥ ಕಾರಣಕ್ಕೆ" ಅಂತ ಒಂದೊಂದು ಹೆಸರಿನ ಮುಂದೆ ಕಾರಣ ಬರೆಯಬೇಕಾ, ಅಥವಾ "ಎಲ್ಲರದ್ದೂ" ಅಂದರೆ ಸಾಕಾ? ಜಗಳ ಇರುವುದು ಅಲ್ಲಿ. ನಾವು ಹೋರಾಡಬೇಕಾದ್ದೂ ಅಲ್ಲಿಯೇ.

ನಾನು ಕೋವಿ ಬರೆಸುವುದರ ಪರವಾಗಿಯೇ ಇದ್ದೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಪಕ್ಕದ ಮನೆಯವರು ಮದುವೆಗೆ ಹೋಗಿದ್ದಾಗ ಕಳ್ಳರು ಬೀಗ ಒಡೆದು ಒಂಟಿ ನಳಿಗೆಯ ಕೋವಿ ಕದ್ದರು. ಏಳೆಂಟು ತಿಂಗಳ ನಂತರ ಬೇರೆ ಜಿಲ್ಲೆಯಲ್ಲಿ ಶಿಕಾರಿಯವರ ಜೀಪಿನಲ್ಲಿ ಸಿಕ್ಕಿತು. ನಂಬರ್ ಇತ್ತು, ಆದ್ದರಿಂದ ಯಾರದ್ದು ಅಂತ ಗೊತ್ತಾಯಿತು. ಅದರಲ್ಲಿ ಯಾರಾದರೂ ಸತ್ತಿದ್ದರೆ, ಆ ನಂಬರ್ ಇಲ್ಲದಿದ್ದರೆ? ಕತ್ತಲಲ್ಲಿ ಹಂದಿ ಅಂದುಕೊಂಡು ಜೊತೆಗೆ ಬಂದವನಿಗೇ ಈಡು ಹೊಡೆದ ಸುದ್ದಿಗಳನ್ನು ನಾವು ಪೇಪರಿನಲ್ಲಿ ಓದುತ್ತಲೇ ಇರುತ್ತೇವೆ. ಕೋವಿಗೆ ಲೆಕ್ಕ ಬೇಕು. ಅದು ಮನೆಯ ಕತ್ತಿ, ಹಾರೆಯ ಹಾಗಲ್ಲ.

ಆದರೆ 2019ರಲ್ಲಿ ನಮ್ಮಲ್ಲೂ ಒಂದು ಬದಲಾವಣೆ ಆಯಿತು. ಅಲ್ಲಿಯವರೆಗೆ ಒಬ್ಬರು ಮೂರು ಕೋವಿ ಇಟ್ಟುಕೊಳ್ಳಬಹುದಿತ್ತು. ಒಂದೇ ಸಾಕು ಅಂತ ಮಸೂದೆ ತಂದರು. ವಿರೋಧ ಬಂದ ಮೇಲೆ ಎರಡು ಅಂತ ತಿದ್ದಿದರು. ಮೂರನೆಯದನ್ನು ಒಂದು ವರ್ಷದೊಳಗೆ ಒಪ್ಪಿಸಬೇಕು. ದೊಡ್ಡಪ್ಪನ ಹೆಸರಿನಲ್ಲಿ ಮೂರಿದ್ದವು. ಅದರಲ್ಲೊಂದು ಅಜ್ಜನ ಕೇಪಿನ ಕೋವಿ. ಮದ್ದು ತುಂಬಿ, ಚರೆ ಹಾಕಿ, ಗಜದಿಂದ ಜಡಿಯುವಂಥದ್ದು. ಅದರಿಂದ ಈಡು ಹೊಡೆದು ಎಷ್ಟೋ ವರ್ಷವಾಗಿತ್ತು. ಗೋಡೆಯ ಮೇಲೆ ಅಜ್ಜನ ಫೋಟೋದ ಕೆಳಗೆ ಇತ್ತು, ಅಷ್ಟೇ. ಮಾರಬಹುದಿತ್ತು, ಆದರೆ ಅದನ್ನು ಕೊಳ್ಳುವವರು ಯಾರು? ಕೊನೆಗೆ ಅದೇ ಹೋಯಿತು. ಗೋಡೆಯಲ್ಲಿ ಆ ಎರಡು ಗೂಟ ಇನ್ನೂ ಹಾಗೇ ಇವೆ, ದೊಡ್ಡಮ್ಮ ಅಲ್ಲಿ ಬೇರೇನನ್ನೂ ನೇತುಹಾಕಲು ಬಿಡುವುದಿಲ್ಲ. ಇಂಥದ್ದಕ್ಕೆ ಒಂದು ದಾರಿ ಇಡಬಹುದಿತ್ತು. ನಳಿಗೆ ಮುಚ್ಚಿಸಿ ಮನೆಯಲ್ಲೇ ಇಟ್ಟುಕೊಳ್ಳಿ ಅನ್ನಬಹುದಿತ್ತು.

ಮತ್ತೆ ಚುನಾವಣೆಯ ವಿಷಯಕ್ಕೆ ಬರುತ್ತೇನೆ. ತುಂಬಾ ಜನರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಎಲ್ಲರ ಕೋವಿಯನ್ನೂ ತೆಗೆದುಕೊಳ್ಳಿ ಅಂತ ಚುನಾವಣಾ ಆಯೋಗ ಹೇಳಿಲ್ಲ. ಜಿಲ್ಲೆಗೊಂದು ಪರಿಶೀಲನಾ ಸಮಿತಿ ಇರಬೇಕು. ಅದು ಲೈಸೆನ್ಸ್‌ದಾರರ ವಿವರ ನೋಡಬೇಕು. ಜಾಮೀನಿನ ಮೇಲೆ ಹೊರಗಿರುವವರು, ಹಿಂದೆ ಅಪರಾಧ ಮಾಡಿದವರು, ಗಲಭೆಯಲ್ಲಿ, ಅದರಲ್ಲೂ ಚುನಾವಣೆಯ ಗಲಭೆಯಲ್ಲಿ ಸಿಕ್ಕಿಬಿದ್ದವರು, ಇಂಥವರದ್ದನ್ನು ಮುಖ್ಯವಾಗಿ ನೋಡಬೇಕು. ಯಾರದ್ದು ಜಮಾ ಆಗಬೇಕು ಅಂತ ತೀರ್ಮಾನಿಸಿ, ಅವರಿಗೆ ನೋಟಿಸ್ ಕೊಡಬೇಕು. ನಮ್ಮ ಕರಾವಳಿ, ಮಲೆನಾಡಿನ ಕೆಲವು ರೈತರು ಇದನ್ನೇ ಹಿಡಿದು ಹೈಕೋರ್ಟಿಗೆ ಹೋಗಿ ತಮ್ಮ ಪರ ಆದೇಶ ಪಡೆದಿದ್ದಾರೆ. ಆದರೆ ಒಬ್ಬೊಬ್ಬ ರೈತ ಒಂದೊಂದು ಎಲೆಕ್ಷನ್ನಿಗೂ ವಕೀಲರ ಫೀಸು ಕೊಟ್ಟು ಬೆಂಗಳೂರಿಗೆ ಅಲೆಯಬೇಕಾ? ಇರುವ ನಿಯಮವನ್ನು ಪಾಲಿಸಿ ಅಂತ ಕೇಳಲು ಇಷ್ಟು ಖರ್ಚು ಯಾಕೆ?

ಅಣ್ಣನ ಮಗನಿಗೆ ಮೊನ್ನೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. "ಅಲ್ಲಿ ಪಟ್ಟಿಯೇ ಬೇಡ ಅಂತ ನೀವು ಹೋರಾಡ್ತೀರಿ. ನಾನು ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಏನು ಬರೆದಿದೆ ತೋರಿಸಿ ಅಂತ ಹೋರಾಡ್ತೇನೆ" ಅಂದೆ. ಅವನು ಒಪ್ಪಲಿಲ್ಲ. "ತೋರಿಸಲ್ಲ ಅಂದ್ರೆ ಏನ್ ಮಾಡ್ತೀರಿ ಚಿಕ್ಕಪ್ಪ?" ಅಂತ ಕೇಳಿದ. ಬರವಣಿಗೆಯಲ್ಲಿ ಕೇಳುತ್ತೇನೆ, ಮತ್ತೆ ಕೇಳುತ್ತೇನೆ ಅಂದೆ.

ಅದನ್ನೇ ಮಾಡಲು ಹೊರಟಿದ್ದೇನೆ. ಮುಂದಿನ ಎಲೆಕ್ಷನ್ ಘೋಷಣೆ ಆಗುವುದಕ್ಕೆ ಮೊದಲೇ ಜಿಲ್ಲಾಧಿಕಾರಿಗಳಿಗೆ ಒಂದು ಅರ್ಜಿ ಕೊಡುತ್ತೇನೆ. ಲೈಸೆನ್ಸ್ ಪ್ರತಿ, ಪಹಣಿ, ಹೋದ ಸಲ ಆದ ಬೆಳೆ ನಷ್ಟದ ಫೋಟೋ, ನನ್ನ ಮೇಲೆ ಕೇಸಿಲ್ಲ ಎಂಬ ಹೇಳಿಕೆ, ಇಷ್ಟು ಜೊತೆಗಿರುತ್ತದೆ. ನನ್ನ ಕೋವಿ ಜಮಾ ಆಗಬೇಕಾದರೆ ಸಮಿತಿಯ ತೀರ್ಮಾನವನ್ನು ಕಾರಣದ ಸಮೇತ ಬರವಣಿಗೆಯಲ್ಲಿ ಕೊಡಿ ಅಂತ ಅದರಲ್ಲಿ ಬರೆದಿದ್ದೇನೆ. ನಮ್ಮೂರಿನ ಹನ್ನೊಂದು ಜನ ಈಗಾಗಲೇ ಸಹಿ ಹಾಕಿದ್ದಾರೆ. ಜಮಾ ಮಾಡಿದ ರಸೀದಿ, ಕೋವಿ ಕೊಟ್ಟ ದಿನ ಮತ್ತು ವಾಪಸ್ ಪಡೆದ ದಿನದ ಫೋಟೋ ಇದ್ದವರು ಇಟ್ಟುಕೊಳ್ಳಿ, ಬೇಕಾಗುತ್ತದೆ. ಅರ್ಜಿಯ ನಮೂನೆ ಬೇಕಾದವರು ಇನ್‌ಬಾಕ್ಸಿಗೆ ಬನ್ನಿ, ಕಳಿಸುತ್ತೇನೆ.