ಕಾಮಿಕ್ಸ್ ಹಬ್ಬದಲ್ಲಿ ಓದೋಕೆ ಜಾಗ ಎಲ್ಲಿದೆ?

ನಾನು ಕಾಮಿಕ್ಸ್ ಬರೆದು, ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿ, ಹಬ್ಬಗಳಲ್ಲಿ ಟೇಬಲ್ ಹಿಡಿದು ಮಾರುವವಳು. ಆಯೋಜಕರಿಗೂ ಓದುಗರಿಗೂ ಒಂದು ಮಾತು ಹೇಳಲೇಬೇಕು. ನಮ್ಮ ಹಬ್ಬಗಳಲ್ಲಿ ಎಲ್ಲಕ್ಕೂ ಜಾಗ ಇದೆ, ನಿಂತು ಓದುವುದಕ್ಕೆ ಇಲ್ಲ.

ಟೇಬಲ್ ಮೇಲೆ ಬೇಗ ಖರ್ಚಾಗುವುದು ಸ್ಟಿಕ್ಕರ್, ಕೀಚೈನ್, ಪೋಸ್ಟರ್. ಎಲ್ಲರಿಗೂ ಗೊತ್ತಿರುವ ಸೂಪರ್‌ಹೀರೋ ಆದರಂತೂ ಕೇಳಲೇಬೇಡಿ. ನಡೆಯುತ್ತಾ ಒಮ್ಮೆ ನೋಡಿದರೂ ಇಷ್ಟವಾಯಿತೋ ಇಲ್ಲವೋ ಗೊತ್ತಾಗಿಬಿಡುತ್ತದೆ. ಅವುಗಳ ಮೇಲೆ ನನಗೆ ಸಿಟ್ಟಿಲ್ಲ. ಟೇಬಲ್ ಬಾಡಿಗೆ, ಪ್ರಿಂಟಿಂಗ್, ಓಡಾಟ ಎಲ್ಲ ಸೇರಿದರೆ ಎಷ್ಟೋ ಸಲ ಅಸಲು ಕೈಗೆ ಬರುವುದು ಸ್ಟಿಕ್ಕರ್‌ಗಳಿಂದಲೇ. ಆದರೆ ಕಥೆ ಹಾಗಲ್ಲ. ಯಾರೂ ಕೇಳಿರದ ಪಾತ್ರ, ಯಾರಿಗೂ ಗೊತ್ತಿಲ್ಲದ ಹೆಸರು. ಬರೀ ಮುಖಪುಟ ನೋಡಿ ಯಾಕೆ ಕೊಳ್ಳಬೇಕು? ಎರಡು ನಿಮಿಷ ನಿಂತು ಒಂದಿಷ್ಟು ಪುಟ ಓದಬೇಕು.

ಆ ಎರಡು ನಿಮಿಷವೇ ಸಿಗುವುದಿಲ್ಲ. ಪಕ್ಕದಲ್ಲೇ ಸ್ಟೇಜು, ಕಿವಿ ಗುಂಯ್‌ಗುಡುವಷ್ಟು ಸ್ಪೀಕರ್. ನಡುವಿನ ದಾರಿ ಇಕ್ಕಟ್ಟು. ಯಾರಾದರೂ ಪುಸ್ತಕ ತೆರೆದರೆ ಸಾಕು, ಹಿಂದಿನಿಂದ ಜನ ತಳ್ಳಿಕೊಂಡು ಬರುತ್ತಾರೆ. ಪಾಪ, ಅವರು ಸಂಕೋಚದಿಂದ ಪುಸ್ತಕ ಇಟ್ಟು ಮುಂದೆ ಹೋಗುತ್ತಾರೆ.

ಒಂದು ಹಬ್ಬದಲ್ಲಿ ನನಗೆ ಮೂಲೆಯ ಟೇಬಲ್ ಸಿಕ್ಕಿತು. ಪಕ್ಕದಲ್ಲಿ ಸ್ವಲ್ಪ ಖಾಲಿ ಜಾಗ ಇತ್ತು, ಒಂದು ಕುರ್ಚಿ ಹಾಕಿದೆ. ಹೈಸ್ಕೂಲ್ ಹುಡುಗನೊಬ್ಬ ಬಂದು ಕೂತು ಓದತೊಡಗಿದ. ನನ್ನ ಕಥೆಯಲ್ಲಿ ಒಂದು ಕಡೆ ಅಜ್ಜಿ ಮುಚ್ಚಿದ ಕೋಣೆಯ ಚಿಲಕಕ್ಕೆ ಕೈ ಹಾಕುತ್ತಾಳೆ. ಅದು ಬಲಗಡೆ ಪುಟದ ಕೊನೆಯ ಪ್ಯಾನೆಲ್, ಅಂದರೆ ಕೊನೆಯ ಚಿತ್ರದ ಚೌಕ. ಒಳಗೆ ಏನಿದೆ ಅಂತ ತಿಳಿಯಬೇಕಾದರೆ ಪುಟ ತಿರುಗಿಸಲೇಬೇಕು. ಆ ಪ್ಯಾನೆಲ್ ಬಲಗಡೆಗೇ ಬರಲಿ ಅಂತ ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಮಧ್ಯೆ ಪಿನ್ ಹೊಡೆಯುವ ಪುಸ್ತಕದಲ್ಲಿ ಪುಟಗಳು ನಾಲ್ಕರ ಲೆಕ್ಕದಲ್ಲೇ ಇರಬೇಕು. ಸುಮ್ನೆ ಒಂದು ಪುಟ ಜಾಸ್ತಿ ಮಾಡೋಕಾಗಲ್ಲ. ಹಿಂದಿನ ಒಂದು ದೃಶ್ಯವನ್ನೇ ಕುಗ್ಗಿಸಿ ಮತ್ತೆ ಬರೆದಿದ್ದೆ.

ಹುಡುಗ ಪುಟ ತಿರುಗಿಸಿದ. "ಅಯ್ಯೋ!" ಅಂದ. ಮತ್ತೆ ಹಿಂದಿನ ಪುಟಕ್ಕೆ ಹೋಗಿ ಅಜ್ಜಿಯ ಮುಖ ನೋಡಿದ. ಪುಸ್ತಕ ಕೊಂಡು, "ಮುಂದಿನ ಭಾಗ ಯಾವಾಗ ಅಕ್ಕಾ?" ಅಂತ ಕೇಳಿದ. ಅವತ್ತು ಆ ಮೂಲೆಯಲ್ಲಿ ಸ್ಟಿಕ್ಕರ್‌ಗಿಂತ ಪುಸ್ತಕವೇ ಜಾಸ್ತಿ ಹೋಯಿತು. ಪುಸ್ತಕ ಅದೇ, ಬರೆದವಳೂ ನಾನೇ. ಹೊಸದಾಗಿ ಬಂದಿದ್ದು ಕುರ್ಚಿ ಮಾತ್ರ.

ಸ್ವಂತ ಪುಸ್ತಕಗಳನ್ನೇ ನಂಬಿ ಬೆಳೆದ ಹಬ್ಬಗಳು ಇವೆ. ಟೋಕಿಯೊದ ಕಾಮಿಕೆಟ್ 1975ರಲ್ಲಿ ಶುರುವಾದಾಗ ಅಲ್ಲಿ ಇದ್ದದ್ದು ಸ್ವಂತ ಪುಸ್ತಕ ತಂದ 32 ಗುಂಪು, ಬಂದವರು ಸುಮಾರು 700 ಜನ. ಈಗ ಲಕ್ಷಗಟ್ಟಲೆ ಜನ ಬರುತ್ತಾರೆ. ಇವತ್ತಿಗೂ ಅಲ್ಲಿ ಜನ ಸಾಲು ನಿಲ್ಲುವುದು ಬರೆದವರೇ ಅಚ್ಚು ಹಾಕಿಸಿದ ಪುಸ್ತಕಗಳಿಗೆ. ಅಮೆರಿಕದ ಸ್ಮಾಲ್ ಪ್ರೆಸ್ ಎಕ್ಸ್‌ಪೋ 1994ರಿಂದ ಇದೆ. ಅಲ್ಲಿನ ಇಗ್ನಾಟ್ಜ್ ಪ್ರಶಸ್ತಿ ಹೆಸರು ಮಾಡಿದ್ದೇ ಹಬ್ಬಕ್ಕೆ ಬಂದವರ ಮತದಿಂದ. ಮತ ಹಾಕಬೇಕಾದರೆ ಓದಿರಬೇಕು, ಅಲ್ವಾ? 2011ರಿಂದ ಅಲ್ಲಿನ ಪುಸ್ತಕಗಳನ್ನು ಅಮೆರಿಕದ ರಾಷ್ಟ್ರೀಯ ಗ್ರಂಥಾಲಯದಂತಿರುವ ಲೈಬ್ರರಿ ಆಫ್ ಕಾಂಗ್ರೆಸ್ ಕೂಡ ತನ್ನ ಸಂಗ್ರಹಕ್ಕೆ ತೆಗೆದುಕೊಳ್ಳುತ್ತಿದೆ. ಕೈಯಲ್ಲೇ ಪಿನ್ ಹೊಡೆದ ಪುಸ್ತಕಕ್ಕೆ ಅಷ್ಟು ಮರ್ಯಾದೆ!

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಸ್ಟೇಜನ್ನು ಟೇಬಲ್‌ಗಳಿಂದ ದೂರ ಇಡಿ. ಒಂದು ಮೂಲೆಯಲ್ಲಿ ಒಳ್ಳೆಯ ಬೆಳಕು, ಒಂದಿಷ್ಟು ಬೆಂಚು. ಪ್ರತಿ ಟೇಬಲ್‌ನಿಂದ ಒಂದು ಮಾದರಿ ಪ್ರತಿ ಅಲ್ಲಿರಲಿ, ಅದರ ಮೇಲೆ ಟೇಬಲ್ ನಂಬರ್ ಇರಲಿ. ಓದಿ ಇಷ್ಟವಾದವರು ಹುಡುಕಿಕೊಂಡು ಬರುತ್ತಾರೆ. ಪ್ರತಿ ಹರಿದುಹೋದರೆ ಹೋಗಲಿ. ಅದನ್ನು ಇಟ್ಟಿರುವುದೇ ಓದುವುದಕ್ಕೆ.

ಹಬ್ಬಕ್ಕೆ ಬರುವವರೇ, "ಮುಟ್ಟಬಹುದಾ?" ಅಂತ ಹಿಂಜರಿಯಬೇಡಿ. ತೆರೆದು ಓದಿ. ಇಷ್ಟವಾಗದಿದ್ದರೆ ಇಟ್ಟು ಹೋಗಿ, ನನಗೆ ಖಂಡಿತ ಬೇಜಾರಿಲ್ಲ. ಓದದೇ ಹೋದರೆ ಬೇಜಾರಾಗುತ್ತದೆ.

ಆಯೋಜಕರು ಯಾರಾದರೂ ಬೆಂಚು ಹಾಕಿಸಲು ಒಪ್ಪಿದರೆ ಹೇಳಿ. ಎಲ್ಲ ಟೇಬಲ್‌ಗಳಿಗೂ ಹೋಗಿ ಪ್ರತಿ ಕೇಳಿ ತಂದು ಜೋಡಿಸಿಡುವ ಕೆಲಸ ನಾನೇ ಮಾಡುತ್ತೇನೆ.