ಅಡ್ಮಿಟ್ ಆದರೆ ಕೊಡ್ತಾರೆ

"ಎಷ್ಟು ದಿನಕ್ಕೆ ಕೊಡ್ಲಿ ಮೇಡಂ?"

ಕಾಮಾಕ್ಷಿಪಾಳ್ಯದಲ್ಲಿ ನಮ್ಮ ಮನೆ ಹತ್ತಿರದ ಮೆಡಿಕಲ್ ಶಾಪಿನ ಹುಡುಗ ಪ್ರತಿ ಸಲ ಕೇಳುವ ಪ್ರಶ್ನೆ ಇದು. ತಿಂಗಳ ಮೊದಲ ವಾರವಾದರೆ ಮೂವತ್ತು ದಿನಕ್ಕೆ ಅನ್ನುತ್ತೇನೆ. ಇಪ್ಪತ್ತನೇ ತಾರೀಖು ದಾಟಿದ್ದರೆ ಹತ್ತು ದಿನಕ್ಕೆ ಸಾಕು. ಆಗ ಅವನು ಕತ್ತರಿ ತಗೊಂಡು ಸ್ಟ್ರಿಪ್ ಕತ್ತರಿಸುತ್ತಾನೆ. ಎಕ್ಸ್‌ಪೈರಿ ಡೇಟ್ ಇರುವ ತುದಿ ಅವನ ಡಬ್ಬಿಗೆ ವಾಪಸ್, ಅರ್ಧ ಹೆಸರಿರುವ ತುಂಡು ನನ್ನ ಕೈಗೆ. ಪೇಪರ್ ಕವರಿಗೆ ಹಾಕಿ, ಪಿನ್ ಹೊಡೆದು, ದನಿ ತಗ್ಗಿಸಿ ರೇಟು ಹೇಳುತ್ತಾನೆ. ಪಕ್ಕದಲ್ಲಿ ಶುಗರ್ ಮಾತ್ರೆ ತಗೊಳ್ಳುವ ಅಂಕಲ್‌ಗೆ ಮಾತ್ರ ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತಾನೆ. ಪಾಪ, ಒಳ್ಳೆಯ ಹುಡುಗ. ನನ್ನ ಮರ್ಯಾದೆ ಉಳಿಸುತ್ತಿದ್ದೇನೆ ಅಂದುಕೊಂಡಿದ್ದಾನೆ.

ನನಗೆ ಬೈಪೋಲಾರ್ ಇದೆ, ಅಂದರೆ ಮನಸ್ಸು ಒಮ್ಮೆ ತೀರಾ ಮೇಲೆ ಹಾರುವ, ಒಮ್ಮೆ ತೀರಾ ಕುಸಿಯುವ ಕಾಯಿಲೆ. ಆರು ವರ್ಷವಾಯಿತು. ರಾತ್ರಿ ಲಿಥಿಯಂ, ಜೊತೆಗೆ ಒಲಾಂಜಪಿನ್. ಮಾತ್ರೆ ತಗೊಂಡರೆ ಆರಾಮಾಗಿರುತ್ತೇನೆ, ಪೀಣ್ಯದಲ್ಲಿ ಅಕೌಂಟ್ಸ್ ಕೆಲಸ ಮಾಡುತ್ತೇನೆ, ಅಮ್ಮನ ಜೊತೆ ಜಗಳ ಆಡುತ್ತೇನೆ, ಎಲ್ಲ ಮಾಮೂಲಿ. ಇವತ್ತು ಬರೆಯುತ್ತಿರುವುದು ಕಾಯಿಲೆ ಬಗ್ಗೆ ಅಲ್ಲ, ಅದರ ಲೆಕ್ಕದ ಬಗ್ಗೆ. ಅಕೌಂಟ್ಸ್‌ನವಳು, ಲೆಕ್ಕ ತಾಳೆ ಆಗದಿದ್ದರೆ ನಿದ್ದೆ ಬರಲ್ಲ.

ಮೊದಲು ನನಗೆ ಇಎಸ್‌ಐ, ಅಂದರೆ ಕಡಿಮೆ ಸಂಬಳದ ನೌಕರರಿಗಿರುವ ಸರ್ಕಾರಿ ಆರೋಗ್ಯ ವಿಮೆ, ಇತ್ತು. ಸಂಬಳ 20,600. ಅದರಲ್ಲಿ ಮುಕ್ಕಾಲು ಪರ್ಸೆಂಟ್, ಅಂದರೆ ಸುಮಾರು 155 ರೂಪಾಯಿ ಕಟ್ ಆಗುತ್ತಿತ್ತು. ಅದಕ್ಕೆ ಡಾಕ್ಟರ್, ಮಾತ್ರೆ, ರಕ್ತ ಪರೀಕ್ಷೆ ಎಲ್ಲ ಸಿಗುತ್ತಿತ್ತು. ಕ್ಯೂ ಇರುತ್ತಿತ್ತು, ಇರಲಿ ಬಿಡಿ. ಆಮೇಲೆ ಇಂಕ್ರಿಮೆಂಟ್ ಕೊಟ್ಟರು. 24,200 ಆಯಿತು. ಮನೆಗೆ ಕೇಸರಿಬಾತ್ ತಗೊಂಡು ಹೋದೆ. ಇಎಸ್‌ಐಗೆ ಸಂಬಳದ ಮಿತಿ 21,000 ಅಂತ, 2017ರಿಂದ ಅಷ್ಟೇ ಇದೆ ಅಂತ ಗೊತ್ತಾಗಿದ್ದು ಆರು ತಿಂಗಳ ಅವಧಿ ಮುಗಿದು ಕಾರ್ಡ್ ನಿಂತ ಮೇಲೆ.

ಈಗ ಲೆಕ್ಕ ಹಾಕಿ. ಪ್ರೈವೇಟ್ ಸೈಕಿಯಾಟ್ರಿಸ್ಟ್ ಫೀಸು ನನಗೆ 1,000, ಅದೂ ಮೊದಲ ಸಲ 1,500 ಆಗಿ, ಆಮೇಲೆ ಫಾಲೋಅಪ್ ಅಂತ ಇಳಿದಿದ್ದು. ತಿಂಗಳಿಗೊಮ್ಮೆ ಹೋಗಲೇಬೇಕು, ಯಾಕಂದರೆ ಹಳೇ ಚೀಟಿ ತೋರಿಸಿದರೆ ಅಂಗಡಿಯವರು ಕೊಡಲ್ಲ. ಒಳಗೆ ಹೋಗಿ, "ನಿದ್ದೆ ಹೇಗಿದೆ?" "ಚೆನ್ನಾಗಿದೆ ಸರ್" "ಸೇಮ್ ಕಂಟಿನ್ಯೂ ಮಾಡಿ" ಅಂತ ಹೇಳಿಸಿಕೊಂಡು ಹೊರಗೆ ಬರಲು ಆರು ನಿಮಿಷ ಸಾಕು. ಮಾತ್ರೆ 760. ಇದರಲ್ಲಿ ಲಿಥಿಯಂ ಅಗ್ಗ, ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲೇ ಇರುವ ಔಷಧ ಅದು. ಆದರೆ ಲಿಥಿಯಂ ತಗೊಳ್ಳುವವರಿಗೆ ಬೇರೆ ಖರ್ಚಿದೆ. ರಕ್ತದಲ್ಲಿ ಅದು ಸ್ವಲ್ಪ ಜಾಸ್ತಿಯಾದರೆ ವಿಷ, ಕಡಿಮೆಯಾದರೆ ಕೆಲಸ ಮಾಡಲ್ಲ, ಜೊತೆಗೆ ಕಿಡ್ನಿ, ಥೈರಾಯ್ಡ್ ನೋಡಿಕೊಳ್ಳುತ್ತಾ ಇರಬೇಕು. ನನಗೆ ಮೂರು ತಿಂಗಳಿಗೊಮ್ಮೆ ಟೆಸ್ಟ್. ರಾತ್ರಿ ಮಾತ್ರೆ ತಗೊಂಡು ಸರಿಯಾಗಿ ಹನ್ನೆರಡು ಗಂಟೆ ಕಳೆದ ಮೇಲೆ ರಕ್ತ ಕೊಡಬೇಕು, ಹಾಗಾಗಿ ಆವತ್ತು ಆಫೀಸಿಗೆ ಲೇಟು ಗ್ಯಾರಂಟಿ. ಮೂರೂ ಸೇರಿ 1,650, ತಿಂಗಳಿಗೆ 550 ಬಿತ್ತು. ಒಟ್ಟು 2,310. ಕೌನ್ಸೆಲಿಂಗ್ ಹದಿನೈದು ದಿನಕ್ಕೊಮ್ಮೆ ಅಂದಿದ್ದರು, ಒಂದು ಸಿಟ್ಟಿಂಗ್‌ಗೆ 1,500. ತಿಂಗಳಿಗೆ ಒಂದೇ ಅಂದುಕೊಂಡರೂ 3,810. ನನ್ನ ಇಂಕ್ರಿಮೆಂಟ್ 3,600.

ಎರಡು ಸಿಟ್ಟಿಂಗ್ ಹೋಗಿ ನಿಲ್ಲಿಸಿದೆ. ಚೆನ್ನಾಗೇ ಇತ್ತು.

"ನಿಮ್ಹಾನ್ಸ್ ಇದೆಯಲ್ಲ" ಅಂತೀರಿ. ಇದೆ. ಮೊದಲ ಸಲ ನನ್ನನ್ನು ಉಳಿಸಿದ್ದೇ ಅಲ್ಲಿ. ಶಕ್ತಿ ಯೋಜನೆ ಪುಣ್ಯ, ಬಸ್ ಚಾರ್ಜೂ ಇಲ್ಲ. ಆದರೆ ಬೆಳಿಗ್ಗೆ ಹೊಸೂರು ರಸ್ತೆಯ ಆ ಗೇಟಿನ ಹತ್ತಿರ ಒಂದು ಸಲ ನಿಂತು ನೋಡಿ. ರಾತ್ರಿ ಬಸ್ಸಲ್ಲಿ ರಾಯಚೂರಿನಿಂದಲೋ ಎಲ್ಲಿಂದಲೋ ಬಂದವರು, ಬುತ್ತಿ ಗಂಟು, ನೀರಿನ ಬಾಟಲಿ, ಹಳೇ ಫೈಲು ಸುತ್ತಿದ ಪ್ಲಾಸ್ಟಿಕ್ ಕವರು, ಮಗನ ಕೈ ಬಿಡದೆ ಹಿಡಿದುಕೊಂಡ ತಾಯಿ. ಅವರನ್ನೆಲ್ಲ ನೋಡಿದ ಮೇಲೆ ಲೇಟಾಯ್ತು ಅಂತ ಯಾರ ಮೇಲೂ ಸಿಟ್ಟು ಬರಲ್ಲ. ಆದರೆ ಒಂದು ದಿನ ಪೂರ್ತಿ ಹೋಗುತ್ತದೆ. ನನ್ನ ರಜೆಗಳು ಮುಗಿದಿವೆ, ಒಂದು ದಿನದ ಸಂಬಳ 930 ರೂಪಾಯಿ. ಆರು ನಿಮಿಷದ ಡಾಕ್ಟರ್‌ಗೂ ಇದಕ್ಕೂ 70 ರೂಪಾಯಿ ವ್ಯತ್ಯಾಸ. ಮೇಲಾಗಿ ಪ್ರತಿ ತಿಂಗಳು ಎಲ್ಲಿಗೆ ಹೋಗ್ತೀಯಾ ಅಂತ ಮ್ಯಾನೇಜರ್ ಕೇಳಿದರೆ ಏನು ಹೇಳಲಿ? ನಮ್ಮೂರಲ್ಲಿ ಯಾರನ್ನಾದರೂ ಬಯ್ಯಬೇಕಾದರೆ "ನಿಮ್ಹಾನ್ಸ್ ಕೇಸು" ಅಂತಲೇ ಅಲ್ವಾ ಬಯ್ಯುವುದು.

ಇನ್ನು ಇನ್ಶೂರೆನ್ಸ್. ಕಂಪನಿ ಗ್ರೂಪ್ ಪಾಲಿಸಿ ಕೊಟ್ಟಾಗ ಸ್ಲೈಡ್ ಹಾಕಿ ತೋರಿಸಿದರು, "ಮೆಂಟಲ್ ಹೆಲ್ತ್ ಕವರ್ಡ್" ಅಂತ, ಪಕ್ಕದಲ್ಲಿ ಹಸಿರು ಟಿಕ್ ಮಾರ್ಕು. ಖುಷಿಯಾಯಿತು. ಆಮೇಲೆ ಓದಿ ನೋಡಿದರೆ ಅಡ್ಮಿಟ್ ಆಗಬೇಕು, ಅದೂ 24 ಗಂಟೆ. ಡಾಕ್ಟರ್ ಫೀಸು, ತಿಂಗಳ ಮಾತ್ರೆ, ಟೆಸ್ಟ್, ಕೌನ್ಸೆಲಿಂಗ್ ಯಾವುದೂ ಇಲ್ಲ. ಕಾನೂನು ನಮ್ಮ ಕಡೆ ಇದೆ ಅಂತ ಹೇಳುವವರು ಇದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 21ನೇ ಸೆಕ್ಷನ್ನು, ದೇಹದ ಕಾಯಿಲೆಗೆ ಹೇಗೋ ಮನಸ್ಸಿನ ಕಾಯಿಲೆಗೂ ಹಾಗೇ ವಿಮೆ ಕೊಡಿ ಅನ್ನುತ್ತದೆ. 2018ರಲ್ಲಿ ಜಾರಿಗೆ ಬಂತು, ವಿಮಾ ನಿಯಂತ್ರಣ ಪ್ರಾಧಿಕಾರ ಸುತ್ತೋಲೆ ಹೊರಡಿಸಿತು, ಕಂಪನಿಗಳು ಎಳೆದಾಡಿದ್ದಕ್ಕೆ 2022ರಲ್ಲಿ ಮತ್ತೆ ಗಡುವು ಕೊಟ್ಟಿತು. ಕೇಳಿದರೆ ಈಗ ಅವರ ಉತ್ತರ ರೆಡಿ ಇದೆ: ಬಿಪಿ ಮಾತ್ರೆಗೂ ನಾವು ಕೊಡಲ್ಲ, ಶುಗರ್ ಮಾತ್ರೆಗೂ ಕೊಡಲ್ಲ, ನಿಮಗೂ ಕೊಡಲ್ಲ, ಎಲ್ಲರೂ ಸಮಾನರು.

ಸಮಾನವೇನೋ ಹೌದು. ಆದರೆ ಅಮ್ಮನ ಬಿಪಿ ಮಾತ್ರೆಯನ್ನು ನಮ್ಮ ಕ್ರಾಸಿನ ಕ್ಲಿನಿಕ್ಕಿನ ಡಾಕ್ಟರ್ 200 ರೂಪಾಯಿಗೆ ಬರೆದುಕೊಡುತ್ತಾರೆ. ನನ್ನ ಚೀಟಿ ನೋಡಿದರೆ ಅವರೇ "ಇದನ್ನ ನಿಮ್ಮ ಡಾಕ್ಟರ್ ಹತ್ರಾನೇ ತೋರಿಸಮ್ಮ" ಅಂತಾರೆ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಹೋದ ವರ್ಷ ಮನೆ ಬದಲಿಸಿದೆವು. ಅಡ್ವಾನ್ಸ್ ಹೊಂದಿಸುವಷ್ಟರಲ್ಲಿ ಕೈಯಲ್ಲಿ ಏನೂ ಉಳಿಯಲಿಲ್ಲ. ಚೆನ್ನಾಗೇ ಇದ್ದೀನಲ್ಲ ಅಂತ ಡಾಕ್ಟರ್ ಹತ್ತಿರ ಹೋಗುವುದು ಬಿಟ್ಟೆ. ಇದ್ದ ಮಾತ್ರೆಯನ್ನು ದಿನ ಬಿಟ್ಟು ದಿನ ತಗೊಂಡೆ, ಆಮೇಲೆ ಅದೂ ಮುಗಿಯಿತು. ಐದನೇ ವಾರಕ್ಕೆ ನಿದ್ದೆ ಹೋಯಿತು. ರಾತ್ರಿ ಎರಡೂವರೆಗೆ ಹೊಸ ಮನೆಯ ಅಡುಗೆಮನೆ ಟೈಲ್ಸ್‌ಗಳನ್ನು ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜುತ್ತಿದ್ದೆ, ಜಗತ್ತಿನಲ್ಲೇ ಇಷ್ಟು ಸಂತೋಷದ ಕೆಲಸ ಇಲ್ಲ ಅನ್ನಿಸುತ್ತಿತ್ತು. ಒಂದೇ ವಾರದಲ್ಲಿ ಮೂರು ಮಿಕ್ಸಿ ತರಿಸಿದೆ. ಒಂದು ಇನ್ನೂ ಅಟ್ಟದ ಮೇಲೆ ಡಬ್ಬಿ ಒಡೆಯದೆ ಕೂತಿದೆ, ಯಾರಾದರೂ ಮದುವೆಗೆ ಕರೆದರೆ ಕೊಡೋಣ ಅಂತ ಅಮ್ಮ ಇಟ್ಟುಕೊಂಡಿದ್ದಾಳೆ. ಕೊನೆಗೆ ಮಾವ ಬಂದು ಒಂದು ಪ್ರೈವೇಟ್ ಆಸ್ಪತ್ರೆಗೆ ಸೇರಿಸಿದರು. ಎಂಟು ದಿನ. ಬಿಲ್ಲು 74,000.

ಕ್ಯಾಶ್‌ಲೆಸ್. ಒಂದು ಮಾತಾಡದೆ ಇನ್ಶೂರೆನ್ಸ್‌ನವರು ಕಟ್ಟಿದರು.

ಮನೆಗೆ ಬಂದು ಸ್ವಲ್ಪ ಸುಧಾರಿಸಿಕೊಂಡ ಮೇಲೆ ನಾನು ಮಾಡಿದ ಮೊದಲ ಕೆಲಸ 74,000ವನ್ನು 2,310ರಿಂದ ಭಾಗಿಸಿದ್ದು. ಮೂವತ್ತೆರಡು ತಿಂಗಳು. ಎರಡೂವರೆ ವರ್ಷಕ್ಕೂ ಜಾಸ್ತಿ ಕಾಲ ನನ್ನನ್ನು ನೆಟ್ಟಗೆ ಇಡುವ ದುಡ್ಡನ್ನು, ನಾನು ಹಾಳಾಗುವ ತನಕ ಕಾದು, ಎಂಟು ದಿನದಲ್ಲಿ ಖರ್ಚು ಮಾಡಿದರು. ಇದರಲ್ಲಿ ಲಾಭ ಯಾರಿಗಾಯಿತು ಅಂತ ಹೇಳಿ, ನನಗಂತೂ ಗೊತ್ತಾಗಿಲ್ಲ. ಡಿಸ್ಚಾರ್ಜ್ ಆದ ದಿನ ಕೌಂಟರಿನಲ್ಲಿ ಮುಂದಿನ ತಿಂಗಳ ಮಾತ್ರೆಗೆ ಚೀಟಿ ಕೊಟ್ಟರು.

ಸ್ವಂತ ಪಾಲಿಸಿ ಮಾಡಿಸೋಣ ಅಂತಲೂ ನೋಡಿದೆ. ಏಜೆಂಟ್ ದಿನಕ್ಕೆ ನಾಲ್ಕು ಮೆಸೇಜ್ ಹಾಕುತ್ತಿದ್ದ. ಬೈಪೋಲಾರ್ ಅಂತ ಬರೆದ ಮೇಲೆ ಅರ್ಧ ಗಂಟೆ ಸುಮ್ಮನಿದ್ದು, "ಅದನ್ನ ಹಾಕೋದು ಬೇಡ ಮೇಡಂ" ಅಂದ. ಮುಚ್ಚಿಟ್ಟರೆ ಆಮೇಲೆ ಕ್ಲೇಮ್ ರಿಜೆಕ್ಟ್, ಹೇಳಿದರೆ ಮೊದಲೇ ಇದ್ದ ಕಾಯಿಲೆ ಅಂತ ಮೂರು ವರ್ಷದವರೆಗೆ ಕಾಯಿಸಬಹುದು. 2024ಕ್ಕೆ ಮುಂಚೆ ನಾಲ್ಕು ವರ್ಷ ಇತ್ತಂತೆ, ಅಷ್ಟು ಇಳಿದಿದೆ.

ನಿಮ್ಹಾನ್ಸ್‌ನವರೇ 2015-16ರಲ್ಲಿ ಮಾಡಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಬೈಪೋಲಾರ್ ಇರುವವರಲ್ಲಿ ನೂರಕ್ಕೆ ಸುಮಾರು 70 ಜನಕ್ಕೆ ಚಿಕಿತ್ಸೆಯೇ ಸಿಗುತ್ತಿರಲಿಲ್ಲ. ಜನಕ್ಕೆ ಅರಿವಿಲ್ಲ, ಅರಿವು ಮೂಡಿಸಬೇಕು ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅರಿವು ಬೇಕಾದಷ್ಟಿತ್ತು ಸ್ವಾಮಿ. ಇಪ್ಪತ್ತನೇ ತಾರೀಖಿನ ಮೇಲೆ ದುಡ್ಡಿರಲಿಲ್ಲ.

ಇದೇ ಪರಿಸ್ಥಿತಿಯಲ್ಲಿ ಇರುವವರಿಗೆ ನನಗೆ ತಿಳಿದಿದ್ದು ಇಷ್ಟು. ಒಲಾಂಜಪಿನ್ ಈಗ ಜನೌಷಧಿ ಕೇಂದ್ರದಲ್ಲಿ ತಗೊಳ್ಳುತ್ತೇನೆ, ಅರ್ಧಕ್ಕಿಂತ ಕಡಿಮೆಗೆ ಸಿಗುತ್ತದೆ. ಲಿಥಿಯಂ ಬ್ರ್ಯಾಂಡ್ ಮಾತ್ರ ನೀವೇ ಬದಲಿಸಬೇಡಿ, ಡಾಕ್ಟರ್‌ಗೆ ಹೇಳಿ, ರಕ್ತದ ಮಟ್ಟ ನೋಡಿಸಿ. ಎರಡು ತಿಂಗಳಿಗೆ ಒಟ್ಟಿಗೆ ಬರೆದುಕೊಡಿ ಸರ್, ದುಡ್ಡಿಲ್ಲ ಅಂತ ಬಾಯಿಬಿಟ್ಟು ಕೇಳಿ, ನಮ್ಮ ಡಾಕ್ಟರ್ ಒಪ್ಪಿದರು. ಆರು ವರ್ಷ ನಾಚಿಕೆಗೆ ಕೇಳಿರಲಿಲ್ಲ. ರಾತ್ರಿ ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416, ಫ್ರೀ, ಕನ್ನಡದಲ್ಲೇ ಮಾತಾಡುತ್ತಾರೆ.

ಹೋದ ವಾರ ಪಾಲಿಸಿ ರಿನ್ಯೂವಲ್ ಅಂತ ಎಚ್‌ಆರ್ ಮೇಲ್ ಹಾಕಿದ್ದರು. ಡಾಕ್ಟರ್ ಫೀಸು, ಮಾತ್ರೆಗೂ ಕವರ್ ಸೇರಿಸಲು ತಲೆಗೆ ಎಷ್ಟಾಗುತ್ತದೆ, ನಮ್ಮ ಸಂಬಳದಿಂದಲೇ ಕಟ್ ಮಾಡಿದರೂ ಪರವಾಗಿಲ್ಲ ಅಂತ ಉತ್ತರ ಬರೆದೆ. ಎಚ್‌ಆರ್ ಹುಡುಗಿ ನನ್ನ ಸೀಟಿನ ಹತ್ತಿರವೇ ಬಂದು ಕೇಳಿದಳು, "ಯಾರಿಗೋಸ್ಕರ ಮೇಡಂ?"

"ಅಮ್ಮನ ಬಿಪಿಗೆ" ಅಂದೆ.

ನನ್ನ ಫ್ರೆಂಡ್ಸ್ ಲಿಸ್ಟಿನಲ್ಲಿ ಆಫೀಸಿನವರು ನಾಲ್ಕು ಜನ ಇದ್ದಾರೆ. ಅವಳೂ ಇದ್ದಾಳೆ.