ಸೈನ್ಯದ ಹೆಸರು ಹೇಳಿದ ಕೂಡಲೇ ನಂಬಬೇಡಿ

ಕೊಡಗಿನಲ್ಲಿ ಹೋಂಸ್ಟೇ ನಡೆಸುವವರೆಲ್ಲ ಇದನ್ನು ದಯವಿಟ್ಟು ಓದಿ.

ಸೈನ್ಯ ಅಂದರೆ ನಮಗೆ ಅಷ್ಟು ಮರ್ಯಾದೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಹುಟ್ಟಿದ ನಾಡು ಇದು. ಈ ಮರ್ಯಾದೆಯನ್ನೇ ಕಳ್ಳರು ಬಳಸಿಕೊಳ್ಳುತ್ತಿದ್ದಾರೆ ಅನ್ನೋದು ನನಗೆ ಜಾಸ್ತಿ ಸಿಟ್ಟು ತರಿಸುವ ವಿಷಯ.

ನಾಪೋಕ್ಲು ಕಡೆಯ ನಮ್ಮ ಪರಿಚಯದ ಅಂಕಲ್ ಒಬ್ಬರು ಸುಬೇದಾರ್ ಆಗಿ ನಿವೃತ್ತರಾದವರು. ಅವರಿಗೆ ಒಬ್ಬ ಹಿಂದಿಯಲ್ಲಿ ಫೋನ್ ಮಾಡಿದ. 'ಜೈ ಹಿಂದ್ ಸಾಬ್' ಅಂತಲೇ ಮಾತು ಶುರು. ಎರಡು ರೂಮು, ಮೂರು ದಿನಕ್ಕೆ ಬೇಕು ಅಂದ. ಯೂನಿಫಾರ್ಮ್‌ನಲ್ಲಿರುವ ಫೋಟೋ, ಐಡಿ ಕಾರ್ಡ್, ಕ್ಯಾಂಟೀನ್ ಕಾರ್ಡ್ ಎಲ್ಲ ವಾಟ್ಸಾಪ್‌ಗೆ ಬಂತು. ರೇಟು ಕಡಿಮೆ ಮಾಡಿ ಅಂತ ಒಂದು ಮಾತೂ ಕೇಳಲಿಲ್ಲ. ಆಮೇಲೆ ಕ್ಯೂಆರ್ ಕೋಡ್ ಕಳಿಸಿ, 'ಸ್ಕ್ಯಾನ್ ಮಾಡಿ ಪಿನ್ ಹಾಕಿ, ಅಡ್ವಾನ್ಸ್ ನಿಮ್ಮ ಖಾತೆಗೆ ಬರುತ್ತೆ, ಸೈನ್ಯದ ಪೇಮೆಂಟ್ ಹೀಗೇ' ಅಂದ. ಪಕ್ಕದಲ್ಲಿದ್ದ ಸೊಸೆ ಕೇಳಿದಳು: 'ಮಾವ, ದುಡ್ಡು ಬರೋದಕ್ಕೆ ಪಿನ್ ಯಾಕೆ?' ಅಲ್ಲಿಗೆ ಉಳಿದರು.

ಅವಳು ಕೇಳಿದ್ದೇ ಸರಿ. ಯುಪಿಐನಲ್ಲಿ ಪಿನ್ ಹಾಕುವುದು ದುಡ್ಡು ಕೊಡುವುದಕ್ಕೆ, ಇಲ್ಲವೇ ಬ್ಯಾಲೆನ್ಸ್ ನೋಡುವುದಕ್ಕೆ. ಬರುವ ದುಡ್ಡಿಗೆ ಪಿನ್ ಬೇಡ, ಸ್ಕ್ಯಾನೂ ಬೇಡ. ಇನ್ನು ಆ ಐಡಿ ಕಾರ್ಡ್ ಯಾವುದೋ ನಿಜವಾದ ಯೋಧನಿಂದ ಕದ್ದದ್ದೂ ಇರಬಹುದು. ಅವರ ಹೆಸರೂ ಹಾಳು.

ಇದಕ್ಕಿಂತ ಅಪಾಯ ಇಮೇಲ್‌ನಲ್ಲಿದೆ. ಬುಕಿಂಗ್ ಸೈಟ್ ಹೆಸರಲ್ಲಿ ಒಂದು ಮೇಲ್ ಬರುತ್ತೆ: ಅತಿಥಿ ದೂರು ಕೊಟ್ಟಿದ್ದಾರೆ, ಈಗಲೇ ಉತ್ತರ ಕೊಡಿ, ಇಲ್ಲದಿದ್ದರೆ ಖಾತೆ ಬಂದ್. ಗಾಬರಿಯಲ್ಲಿ ಲಿಂಕ್ ಒತ್ತಿ ಪಾಸ್‌ವರ್ಡ್ ಹಾಕಿದರೆ ಮುಗೀತು. ಕಳ್ಳರು ನಮ್ಮ ಹೆಸರಲ್ಲೇ ನಮ್ಮ ಅತಿಥಿಗಳಿಗೆ ಬರೆದು ಅಡ್ವಾನ್ಸ್ ಕೇಳುತ್ತಾರೆ. ಬುಕಿಂಗ್ ಖಾತೆಯಂಥ ಎಷ್ಟೋ ಖಾತೆಗಳ ಪಾಸ್‌ವರ್ಡ್ ಬದಲಿಸುವ ದಾರಿ ಹೆಚ್ಚಾಗಿ ಇಮೇಲ್ ಮೂಲಕವೇ ಅಲ್ವಾ? ಮೇಲ್‌ನಲ್ಲಿರುವ ಲಿಂಕ್ ಮುಟ್ಟದೆ, ಸೈಟಿನ ಆ್ಯಪ್ ತೆರೆದು ದೂರು ಇದೆಯಾ ನೋಡಿ. ಜಿಮೇಲ್‌ಗೆ ಎರಡು ಹಂತದ ಪರಿಶೀಲನೆ (ಪಾಸ್‌ವರ್ಡ್ ಆದಮೇಲೆ ಫೋನಿನಲ್ಲೂ ಖಚಿತಪಡಿಸುವುದು) ಇವತ್ತೇ ಹಾಕಿಸಿ. ಒಮ್ಮೆ ಯಾರಾದರೂ ಒಳಗೆ ಬಂದಿದ್ದರೆ ಪಾಸ್‌ವರ್ಡ್ ಬದಲಿಸಿದರಷ್ಟೇ ಸಾಲದು. ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್ ಮತ್ತು ಫಿಲ್ಟರ್ ನೋಡಿ. ನಿಮಗೆ ಬರುವ ಮೇಲ್‌ಗಳ ಪ್ರತಿ ತಮಗೂ ಬರುವಂತೆ ಅಲ್ಲಿ ಅವರ ವಿಳಾಸ ಸೇರಿಸಿಟ್ಟು ಹೋಗಿರಬಹುದು.

ಆಧಾರ್ ವಿಷಯದಲ್ಲಿ ನಮ್ಮ ಜವಾಬ್ದಾರಿಯೂ ಇದೆ. ಎಷ್ಟೋ ಹೋಂಸ್ಟೇಗಳವರ ಫೋನ್ ಗ್ಯಾಲರಿ ತೆಗೆದರೆ ಊರೂರಿನವರ ಆಧಾರ್ ಫೋಟೋ. ಆ ಫೋನ್ ಕಳೆದುಹೋದರೆ? ಗುರುತಿನ ಚೀಟಿ ನೋಡಿ ರಿಜಿಸ್ಟರ್‌ನಲ್ಲಿ ಬರೆದುಕೊಳ್ಳಿ. ಪ್ರತಿ ಬೇಕೇ ಬೇಕಾದರೆ ಮೊದಲ 8 ಅಂಕಿ ಮರೆಯಾಗಿರುವ ಮಾಸ್ಕ್ಡ್ ಆಧಾರ್ ಕೇಳಿ. ನಮ್ಮ ಆಧಾರ್‌ನ ಬೆರಳಚ್ಚನ್ನೂ ಲಾಕ್ ಮಾಡಿಡಬಹುದು, ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಸುಲಭ. ನಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಅಂತ ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ವೆಬ್‌ಸೈಟ್‌ನಲ್ಲಿ ನೋಡಬಹುದು.

ದುಡ್ಡು ಹೋಗೇಬಿಟ್ಟರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಕಳ್ಳ ಅದನ್ನು ಡ್ರಾ ಮಾಡುವ ಮೊದಲು ತಡೆಹಿಡಿಯಲು ಅವಕಾಶ ಇರುತ್ತೆ, ತಡವಾದಷ್ಟೂ ಕಷ್ಟ. ಮಳೆಗಾಲದಲ್ಲಿ ಕರೆಂಟೂ ಇಲ್ಲ, ಟವರೂ ಇಲ್ಲ ಅನ್ನೋದು ಗೊತ್ತು. ನೆಟ್‌ವರ್ಕ್ ಸಿಗುವ ಕಡೆ ಜೀಪು ತಗೊಂಡು ಹೋಗಿಯಾದರೂ ಮಾಡಿ. ನಂಬರನ್ನು ಫೋನಲ್ಲಷ್ಟೇ ಅಲ್ಲ, ಗೋಡೆಯ ಕ್ಯಾಲೆಂಡರ್ ಮೇಲೂ ಬರೆದಿಡಿ.

ಬೆಂಗಳೂರಲ್ಲಿರುವ ಮಕ್ಕಳಿಗೆ ಒಂದು ಮಾತು. ಮಕ್ಕಳು ಬೈತಾರೆ ಅಂತ ಹೆದರಿ ಎಷ್ಟೋ ಹಿರಿಯರು ಎರಡು ದಿನ ಸುಮ್ನೆ ಇದ್ದುಬಿಡುತ್ತಾರೆ. ಅಪ್ಪ ಅಮ್ಮ ಇಂಥ ವಿಷಯ ಹೇಳಿದರೆ 'ಯಾಕೆ ಹಾಗೆ ಮಾಡಿದ್ರಿ' ಅಂತ ಕೇಳಬೇಡಿ. ಮೊದಲು 1930ಕ್ಕೆ ಫೋನ್ ಮಾಡಿಸಿ.